ತೋಪಿಗೆ ಕಾಲು ಕೊಟ್ಟ ಹಳೆಯ ಉಕ್ಕು

1803ರ ಸೆಪ್ಟೆಂಬರ್ 23. ಇಂದಿನ ಮಹಾರಾಷ್ಟ್ರದ ಅಸಾಯೆ ಎಂಬ ಹಳ್ಳಿಯ ಬಳಿ ಬ್ರಿಟಿಷ್ ದಂಡನಾಯಕ ಆರ್ಥರ್ ವೆಲ್ಲೆಸ್ಲಿಯ ಸೈನ್ಯ ಕೈಟ್ನಾ ಹೊಳೆ ದಾಟಿ ಮರಾಠರ ಎದುರು ಸಾಲುಗಟ್ಟಿತು. ಮರಾಠ ದೊರೆ ಸಿಂಧಿಯಾನ ಫಿರಂಗಿಗಳು ಗುಂಡಿನ ಮಳೆಗರೆಯತೊಡಗಿದವು. ವೆಲ್ಲೆಸ್ಲಿಯ ತೋಪುಗಳನ್ನು ಎಳೆದು ತಂದಿದ್ದ ಎತ್ತುಗಳು ನಿಂತಲ್ಲೇ ಉರುಳಿದವು. ತೋಪುಗಳು ಕೆಟ್ಟಿರಲಿಲ್ಲ, ಮದ್ದುಗುಂಡೂ ಮುಗಿದಿರಲಿಲ್ಲ. ಆದರೆ ಅವನ್ನು ಒಂದು ಮಾರು ಮುಂದಕ್ಕೆ ಒಯ್ಯುವ ಬಲ ಉಳಿದಿರಲಿಲ್ಲ. ಸುದ್ದಿ ತಲುಪಿದಾಗ ವೆಲ್ಲೆಸ್ಲಿ ತೋಪುಗಳನ್ನು ಅಲ್ಲೇ ಬಿಟ್ಟು ಕಾಲಾಳುಗಳಿಗೆ ಮುನ್ನುಗ್ಗಲು ಅಪ್ಪಣೆ ಕೊಟ್ಟ. ಕಾಳಗ ಗೆದ್ದನಾದರೂ ಅದಕ್ಕೆ ತೆತ್ತ ಜೀವಗಳ ಲೆಕ್ಕ ದೊಡ್ಡದು.

ಆ ದಂಡಯಾತ್ರೆ ಹೊರಟದ್ದು ನಮ್ಮ ಹರಿಹರದಿಂದ, ನೆಚ್ಚಿಕೊಂಡದ್ದು ಮೈಸೂರು ಸೀಮೆಯ ಎತ್ತುಗಳನ್ನು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಲ್ಲಿ ಬೆಳೆದ ಆ ದನಗಳಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಹೈದರ್ ಮತ್ತು ಟಿಪ್ಪುವಿನ ಪಡೆಗಳು ಎದುರಾಳಿಗಳ ಊಹೆ ಮೀರಿ ಬೇಗ ಬಂದು ಮುಟ್ಟುತ್ತಿದ್ದುದರ ಗುಟ್ಟು ಈ ಎತ್ತುಗಳ ನಡಿಗೆಯಲ್ಲಿತ್ತು. ಸಾಮಾನು ಸರಂಜಾಮಿನ ಜೊತೆಗೆ ತೋಪುಗಳೂ ಸವಾರರ ಹಿಂದೆಯೇ ಬರುತ್ತಿದ್ದವು. ಟಿಪ್ಪು ಮಡಿದ 1799ರ ನಂತರ ಈ ಹಿಂಡುಗಳು ಕಂಪನಿ ಸರ್ಕಾರದ ಕೈಸೇರಿದವು. 1860ರಲ್ಲಿ ಖರ್ಚು ಉಳಿಸಲೆಂದು ಅವನ್ನು ಮಾರಿಬಿಟ್ಟರು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಂತಾಗಿ ಮತ್ತೆ ಹಿಂಡು ಕಟ್ಟಬೇಕಾಯಿತು. ಇಂದು ಅಜ್ಜಂಪುರದ ತಳಿ ಕೇಂದ್ರದಲ್ಲಿ, ಚಿಕ್ಕಮಗಳೂರು, ಚಿತ್ರದುರ್ಗ ಸುತ್ತಿನ ಕಾವಲುಗಳಲ್ಲಿ ಉಳಿದಿರುವುದು ಆ ವಂಶವೇ.

ಭಾರೀ ತೋಪುಗಳಿಗೆ ಆನೆ ಕಟ್ಟುತ್ತಿದ್ದ ಕಾಲವೂ ಇತ್ತು. ಆನೆಯ ಬಲಕ್ಕೆ ಎಣೆಯಿಲ್ಲ, ಆದರೆ ಗುಂಡಿನ ಸದ್ದು ಹತ್ತಿರವಾದಂತೆ ಅದು ಹಿಂಜರಿಯುತ್ತದೆ. ಅದಕ್ಕಾಗಿ ರಣರಂಗದ ಅಂಚಿನವರೆಗೆ ಆನೆ, ಅಲ್ಲಿಂದ ಮುಂದಕ್ಕೆ ಎತ್ತಿನ ಜೋಡಿಗಳು ಎಂಬ ಏರ್ಪಾಡು ಬ್ರಿಟಿಷ್ ಭಾರತದ ಸೈನ್ಯದಲ್ಲಿತ್ತು. ದೂರದ ದಾರಿಗೆ ಬೇಕಾದ ಬಲವೇ ಬೇರೆ, ಗುಂಡು ಬೀಳುವ ಕೊನೆಯ ಒಂದೆರಡು ಮೈಲಿಗೆ ಬೇಕಾದದ್ದೇ ಬೇರೆ. ಎಂಜಿನ್ ಬಂದ ಮೇಲೂ ಸೈನ್ಯಗಳು ಈ ಪ್ರಶ್ನೆಯನ್ನೇ ಬಿಡಿಸುತ್ತಿವೆ. ದೂರಕ್ಕೆ ಟ್ರಕ್ಕು ಸಾಕು. ಆ ಕೊನೆಯ ಮೈಲಿಗೆ ಏನು?

ಉತ್ತರ ಹುಡುಕುವ ಮೊದಲು ಎಳೆಯುವ ವಾಹನದ ಕೆಲಸವನ್ನು ಹತ್ತಿರದಿಂದ ನೋಡಬೇಕು. ರಷ್ಯಾ ಮೂಲದ 122 ಮಿ.ಮೀ. ಡಿ-30 ಹೊವಿಟ್ಜರನ್ನೇ ತೆಗೆದುಕೊಳ್ಳಿ. ಅದರ ತೂಕ ಸುಮಾರು 3.2 ಟನ್. ಗುಂಡು ಹಾರಿಸುವಾಗ ಮೂರು ಕಾಲು ಚಾಚಿ ನೆಲ ಕಚ್ಚಿ ಕೂರುತ್ತದೆ. ಹೊರಡುವಾಗ ಮೂರೂ ಕಾಲನ್ನು ನಳಿಗೆಯ ಕೆಳಗೆ ಒಟ್ಟುಗೂಡಿಸಿ ಬಿಗಿಯಬೇಕು. ವಾಹನಕ್ಕೆ ಸಿಕ್ಕಿಸುವ ಕೊಂಡಿ ಇರುವುದು ನಳಿಗೆಯ ತುದಿಯಲ್ಲಿ. ಅಂದರೆ ತೋಪು ತನ್ನ ಬಾಯನ್ನು ಮುಂದೆ ಮಾಡಿಕೊಂಡು ವಾಹನದ ಬೆನ್ನಿಗೆ ಅಂಟಿ ಸಾಗುತ್ತದೆ. ನಮ್ಮ ಸೈನ್ಯದಲ್ಲೂ ಇರುವ ಅಮೆರಿಕದ ಎಂ-777 ಸಹ ಹೀಗೆಯೇ ನಳಿಗೆಯ ತುದಿಯಿಂದ ಎಳೆಸಿಕೊಳ್ಳುತ್ತದೆ. ಹಾಗಾಗಿ ಚಾಲಕ ಹಳ್ಳಕ್ಕೆ ಇಳಿಸಿದರೆ, ಅಡ್ಡಾದಿಡ್ಡಿ ತಿರುಗಿಸಿದರೆ ಆ ಏಟೆಲ್ಲ ಬೀಳುವುದು ತೋಪಿನ ಅತಿ ಮುಖ್ಯವಾದ ಅಂಗದ ಮೇಲೆ.

ಇಳಿಜಾರಿನಲ್ಲಿ ಇನ್ನೊಂದು ತೊಡಕು. ಭಾರ ತುಂಬಿದ ಗಾಡಿ ಘಾಟಿ ಇಳಿಯುವಾಗ ಎತ್ತನ್ನೇ ಮುಂದಕ್ಕೆ ನೂಕುವ ಹಾಗೆ, ತೋಪು ತನ್ನನ್ನು ಎಳೆಯುವ ವಾಹನವನ್ನು ತಳ್ಳುತ್ತದೆ. ದೊಡ್ಡ ತೋಪುಗಳ ಚಕ್ರಕ್ಕೆ ಬೇರೆಯೇ ಬ್ರೇಕು ಇರುತ್ತದೆ, ಅದಕ್ಕೆ ಗಾಳಿ ಬರಬೇಕಾದದ್ದು ಮುಂದಿನ ವಾಹನದಿಂದ. ಟ್ರಕ್ಕುಗಳಲ್ಲಿ ಈ ವ್ಯವಸ್ಥೆ ಸಾಮಾನ್ಯ. ಕಾದಾಟಕ್ಕೆಂದು ಮಾಡಿದ ಟ್ಯಾಂಕಿನಲ್ಲಿ ಅದು ಇರುವುದೇ ಇಲ್ಲ.

ಎಳೆದರಷ್ಟೇ ಸಾಲದು. ತೋಪಿನ ಸಿಬ್ಬಂದಿ ಆರರಿಂದ ಹತ್ತು ಜನ, ಅವರೂ ಅದೇ ವಾಹನದಲ್ಲಿ ಬರಬೇಕು. ಮೊದಲ ಕೆಲವು ನಿಮಿಷಗಳ ಗುಂಡೂ ಅದರಲ್ಲೇ ಇರಬೇಕು. ಒಂದು 155 ಮಿ.ಮೀ. ಶೆಲ್ಲಿನ ತೂಕ 43 ಕೆ.ಜಿ.ಗೂ ಮೇಲೆ, ಐವತ್ತು ಶೆಲ್ ಏರಿಸಿದರೆ ಎರಡು ಟನ್ ದಾಟಿತು, ಹಾರಿಸುವ ಮದ್ದಿನ ಲೆಕ್ಕ ಬೇರೆ. 2022ರ ಏಪ್ರಿಲ್ 21ರಂದು ಅಮೆರಿಕ ಯುಕ್ರೇನಿಗೆ ಘೋಷಿಸಿದ ನೆರವಿನ ಪಟ್ಟಿ ಈ ಸತ್ಯವನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಚೆನ್ನಾಗಿ ಹೇಳುತ್ತದೆ: 155 ಮಿ.ಮೀ. ಹೊವಿಟ್ಜರ್ 72, ಶೆಲ್ಲು 1,44,000, ಹೊವಿಟ್ಜರ್ ಎಳೆಯಲು ವಾಹನ 72. ಪ್ರತಿ ತೋಪಿಗೂ ಎರಡು ಸಾವಿರ ಶೆಲ್ಲು ಎಂದರೆ 86 ಟನ್. ತೋಪಿನ ತೂಕ 4.2 ಟನ್ ಮಾತ್ರ. ಸುದ್ದಿಯಲ್ಲಿ ದೊಡ್ಡಕ್ಷರದಲ್ಲಿ ಬಂದದ್ದು ಹೊವಿಟ್ಜರು. ಅದನ್ನು ಯುದ್ಧಭೂಮಿಯಲ್ಲಿ ಹೊವಿಟ್ಜರಾಗಿ ಉಳಿಸುವುದು ಪಟ್ಟಿಯಲ್ಲಿದ್ದ ಆ 72 ವಾಹನಗಳು.

ಎಳೆಯುವ ವಾಹನವನ್ನು ಕೀಳಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ 1941ರ ಸೋವಿಯತ್ ಒಕ್ಕೂಟಕ್ಕಿಂತ ದೊಡ್ಡ ಉದಾಹರಣೆ ಬೇಡ. ಕೆಂಪು ಸೇನೆಯ ಬಳಿ ತೋಪುಗಳು ಧಾರಾಳವಾಗಿದ್ದವು, ಒಳ್ಳೆಯವೂ ಆಗಿದ್ದವು. ಎಳೆಯುವ ಯಂತ್ರಗಳಿಗೆ ಮಾತ್ರ ಬರ. ಭಾರೀ ತೋಪುಗಳಿಗೆ ಸಾಮೂಹಿಕ ಬೇಸಾಯದ ಹೊಲಗಳಲ್ಲಿ ಉಳುತ್ತಿದ್ದ ಸ್ಟಾಲಿನೆಟ್ಸ್ ಟ್ರ್ಯಾಕ್ಟರುಗಳನ್ನು ಕಟ್ಟಿದರು. ಅವುಗಳ ಗರಿಷ್ಠ ವೇಗ ಗಂಟೆಗೆ 7 ಕಿ.ಮೀ. ಜರ್ಮನ್ ಪಡೆಗಳು ದಿನಕ್ಕೆ ಹತ್ತಾರು ಕಿಲೋಮೀಟರು ನುಗ್ಗಿ ಬರುವಾಗ ಆ ನಡಿಗೆಯಲ್ಲಿ ತೋಪು ಹಿಂದೆಗೆಯುವುದೆಂದರೆ ಕೈಬಿಟ್ಟಂತೆಯೇ. ಡೀಸೆಲ್ ಮುಗಿದ ಟ್ರ್ಯಾಕ್ಟರಿನ ಹಿಂದೆ ಸುಸ್ಥಿತಿಯ ತೋಪುಗಳು ಶತ್ರುವಿನ ವಶವಾದವು.

ಇದಕ್ಕಿಂತ ನೋವಿನದು ಕೊಮ್ಸೊಮೊಲೆಟ್ಸ್ ಎಂಬ ಪುಟ್ಟ ವಾಹನದ ಕಥೆ. 1937ರಿಂದ 1941ರವರೆಗೆ ಇಂಥವು ಏಳು ಸಾವಿರಕ್ಕೂ ಹೆಚ್ಚು ತಯಾರಾದವು. ಮೂರೂವರೆ ಟನ್ ತೂಕ, 50 ಅಶ್ವಶಕ್ತಿ, ಸರಪಳಿ ಚಕ್ರ. ಮುಂದೆ ತೆಳು ಕವಚದ ಗೂಡಿನಲ್ಲಿ ಚಾಲಕ ಮತ್ತು ಮೆಷಿನ್‌ಗನ್ ಹಿಡಿದ ಕಮಾಂಡರ್. ಹಿಂದೆ, ಬಯಲಿನಲ್ಲೇ, ಬೆನ್ನಿಗೆ ಬೆನ್ನು ಕೊಟ್ಟ ಎರಡು ಬೆಂಚು, ಅವುಗಳಲ್ಲಿ ಆರು ಜನ ಗೋಲಂದಾಜರು. ಅದರ ಕೆಲಸ ಒಂದೇ: ಟ್ಯಾಂಕುಗಳನ್ನು ಹೊಡೆಯುವ 45 ಮಿ.ಮೀ. ತೋಪನ್ನು ಗುಂಡು ಬೀಳುವ ಜಾಗಕ್ಕೆ ಒಯ್ದು ನಿಲ್ಲಿಸುವುದು, ಹೊತ್ತಾದಾಗ ಮರಳಿ ತರುವುದು. ಆನೆ ಒಲ್ಲೆನೆಂದ ಆ ಕೊನೆಯ ಮೈಲಿಗೆಂದೇ ಹುಟ್ಟಿದ ವಾಹನವದು, ಆ ಕೆಲಸಕ್ಕೆ ಅಚ್ಚುಕಟ್ಟಾಗಿತ್ತು. ಆದರೆ 1941ರ ಬೇಸಿಗೆಯಲ್ಲಿ ಟ್ಯಾಂಕುಗಳು ಕಡಿಮೆಯಾದಾಗ ಕಂಗೆಟ್ಟ ಕಮಾಂಡರುಗಳು ಇದನ್ನೇ ಟ್ಯಾಂಕಿನಂತೆ ಮುಂದಕ್ಕಟ್ಟಿದರು. ಕವಚವಿದೆ, ಮೆಷಿನ್‌ಗನ್ ಇದೆ, ಸರಪಳಿ ಇದೆ, ಇನ್ನೇನು ಬೇಕು ಎಂಬ ಲೆಕ್ಕ. ಅವು ಸುಟ್ಟುಹೋದವು, ಜೊತೆಗೆ ಅವುಗಳ ತೋಪುಗಳೂ ನಿಂತಲ್ಲೇ ನಿಂತವು. ಕಾರ್ಖಾನೆಯೂ ಟ್ಯಾಂಕು ತಯಾರಿಕೆಗೆ ತಿರುಗಿಕೊಂಡಿದ್ದರಿಂದ ಬದಲಿ ಬರಲಿಲ್ಲ. ತೋಪು ಎಳೆಯುವ ವಾಹನವನ್ನು ಕಾದಾಟಕ್ಕೆ ನೂಕುವುದು ಒಂದೇ ಏಟಿಗೆ ಎರಡು ನಷ್ಟ ಮಾಡಿಕೊಳ್ಳುವ ಕೆಲಸವೆಂದು ನಾನು ಹೇಳುವುದು ಇದಕ್ಕಾಗಿ.

ಬ್ರಿಟಿಷರು ಮತ್ತು ಅಮೆರಿಕನ್ನರು ಅದೇ ಯುದ್ಧದಲ್ಲಿ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದರು. ಕಾದಾಟಕ್ಕೆ ಹಳತಾದದ್ದನ್ನು ಎಳೆಯುವ ಕೆಲಸಕ್ಕೆ ತಂದರು.

ಕ್ರುಸೇಡರ್ ಟ್ಯಾಂಕು ಉತ್ತರ ಆಫ್ರಿಕಾದ ಮರಳಿನಲ್ಲಿ ಓಡಾಡಿದ್ದು. 1943ರ ಹೊತ್ತಿಗೆ ಅದರ ತೋಪೂ ಕವಚವೂ ಜರ್ಮನ್ ಟ್ಯಾಂಕುಗಳ ಮುಂದೆ ಏನೇನೂ ಸಾಲದಾದವು. ಓಟ ಮಾತ್ರ ಚೆನ್ನಾಗಿತ್ತು. ಅದೇ ಸಮಯಕ್ಕೆ ಬ್ರಿಟಿಷರ 17 ಪೌಂಡರ್ ಎಂಬ ಟ್ಯಾಂಕು ನಿರೋಧಕ ತೋಪು ಬಂತು, ತೂಕ ಸುಮಾರು ಮೂರು ಟನ್. ಅದಕ್ಕಿಂತ ಹಗುರವಾದ 25 ಪೌಂಡರ್ ಎಳೆಯಲೆಂದು ಮಾಡಿದ್ದ ಟ್ರಕ್ಕುಗಳು ಈ ಭಾರಕ್ಕೆ, ಅದರಲ್ಲೂ ಕೆಸರಿನಲ್ಲಿ, ಏದುಸಿರು ಬಿಡುತ್ತಿದ್ದವು. ಕ್ರುಸೇಡರಿನ ತಿರುಗು ಗೋಪುರ ಕಿತ್ತು, ಆ ಜಾಗದಲ್ಲಿ ಮೇಲ್ಛಾವಣಿಯಿಲ್ಲದ ಉಕ್ಕಿನ ಪೆಟ್ಟಿಗೆ ಬೆಸೆದು, ಗೋಲಂದಾಜರನ್ನೂ ಶೆಲ್ಲುಗಳನ್ನೂ ಅದರೊಳಗೆ ಕೂರಿಸಿದರು. 1944-45ರಲ್ಲಿ ಫ್ರಾನ್ಸಿನಿಂದ ಜರ್ಮನಿಯವರೆಗೆ ಈ ವಾಹನಗಳು 17 ಪೌಂಡರ್‌ಗಳನ್ನು ಎಳೆದವು. ಪೆಟ್ಟಿಗೆಯ ಗೋಡೆ ಟ್ಯಾಂಕಿನ ಶೆಲ್ಲನ್ನು ತಡೆಯಲಾರದು. ಸಿಡಿದ ಚೂರುಗಳನ್ನು ತಡೆಯುತ್ತದೆ. ಗೋಲಂದಾಜರನ್ನು ಹೆಚ್ಚಾಗಿ ಕೊಲ್ಲುತ್ತಿದ್ದುದು ಆ ಚೂರುಗಳೇ.

ಅಮೆರಿಕನ್ನರ ತೊಡಕು ಇನ್ನೂ ಭಾರದ್ದು. ಅವರ 155 ಮಿ.ಮೀ. ಲಾಂಗ್ ಟಾಮ್ ತೋಪು ಹದಿನಾಲ್ಕು ಟನ್ನಿನ ಆಸುಪಾಸು. 240 ಮಿ.ಮೀ. ಹೊವಿಟ್ಜರಂತೂ ಒಂದೇ ಹೊರೆಯಾಗಿ ಸಾಗುವ ಮಾತೇ ಇಲ್ಲ. ನಳಿಗೆ ಒಂದು ಬಂಡಿಯಲ್ಲಿ, ಪೀಠ ಇನ್ನೊಂದರಲ್ಲಿ, ಎರಡನ್ನೂ ಸ್ಥಳದಲ್ಲಿ ಜೋಡಿಸಲು ಕ್ರೇನು. ಅದರ ಒಂದೊಂದು ಶೆಲ್ಲು 160 ಕೆ.ಜಿ.ಗೂ ಹೆಚ್ಚು. ಈ ದೈತ್ಯಗಳು 1944ರ ಆರಂಭದಲ್ಲಿ ಇಟಲಿಗೆ ಬಂದಾಗ ಅಲ್ಲಿ ಚಳಿಗಾಲದ ಕೆಸರು. ಎಂ-3 ಟ್ಯಾಂಕುಗಳಿಂದ ಮೊದಲೇ ರೂಪಾಂತರಗೊಂಡಿದ್ದ, ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತರುವ ವಾಹನಗಳು ಆಗ ಕೈಗೆ ಬಂದವು. ಅವುಗಳ ಕ್ರೇನು, ಗೋಪುರ ತೆಗೆದು ತೋಪು ಎಳೆಯಲು ಸಜ್ಜುಮಾಡಿದರು. ಟ್ಯಾಂಕಾಗಿ ಹುಟ್ಟಿ, ದುರಸ್ತಿ ವಾಹನವಾಗಿ, ಕೊನೆಗೆ ತೋಪಿನ ಎತ್ತಾದ ಉಕ್ಕು ಅದು. ಆ ಎಂ-3ರ ಅಣ್ಣತಮ್ಮಂದಿರು ಅದೇ ವರ್ಷ ಕೊಹಿಮಾದ ಗುಡ್ಡಗಳಲ್ಲಿ ಜಪಾನೀಯರ ವಿರುದ್ಧ ಇನ್ನೂ ಟ್ಯಾಂಕುಗಳಾಗಿಯೇ ಕಾದುತ್ತಿದ್ದವು. ಒಂದು ಈಗಲೂ ಅಲ್ಲಿ ಸ್ಮಾರಕವಾಗಿ ನಿಂತಿದೆ.

1944ರಲ್ಲೇ ಎಂ-10ಎ1 ಎಂಬ ಟ್ಯಾಂಕು ಬೇಟೆ ವಾಹನಗಳ ಗೋಪುರ ಇಳಿಸಿ ಎಂ-35 ಎಂಬ ಎಳೆಯುವ ವಾಹನ ಮಾಡಿದರು. ಇಲ್ಲಿ ಗಮನಿಸಬೇಕಾದದ್ದು ಗೋಪುರ ಇಳಿಸಿದ್ದನ್ನಲ್ಲ, ಆಮೇಲೆ ಸೇರಿಸಿದ್ದನ್ನು. ತೋಪಿನ ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರ್, ಸರಿಯಾದ ಎತ್ತರದಲ್ಲಿ ಗಟ್ಟಿ ಕೊಂಡಿ, ಸಿಬ್ಬಂದಿಗೆ ಆಸನ. ಹಳೆಯ ಕವಚ ವಾಹನಕ್ಕೆ ಒಂದು ಸರಪಳಿ ಬಿಗಿದು ತೋಪು ಸಿಕ್ಕಿಸಿದರೆ ಅದು ನಾಲ್ಕು ದಿನದ ಸಾಹಸವಾದೀತು. ಹೀಗೆ ಕೂತು ಯೋಚಿಸಿ ಮಾರ್ಪಡಿಸಿದರೆ ಮಾತ್ರ ತೋಪೂ ವಾಹನವೂ ಬಾಳುತ್ತವೆ.

ಯುದ್ಧ ಮುಗಿದ ಮೇಲೆ ಸೋವಿಯತ್ತರು ಪಾಠ ಕಲಿತರು. ಹೊಲದ ಟ್ರ್ಯಾಕ್ಟರಿನ ಭರವಸೆ ಬಿಟ್ಟು ತೋಪಿಗೆಂದೇ ಸರಪಳಿ ವಾಹನಗಳನ್ನು ಕಟ್ಟಿದರು. ಆ ಸಾಲಿನಲ್ಲಿ ಅತಿ ಹೆಚ್ಚು ಬಾಳಿಕೆ ಬಂದದ್ದು ಹಾರ್ಕಿವ್‌ನ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಹುಟ್ಟಿದ ಎಂಟಿ-ಎಲ್‌ಬಿ. ಹನ್ನೆರಡು ಟನ್ ತೂಕ, 240 ಅಶ್ವಶಕ್ತಿಯ ಡೀಸೆಲ್, ಒಳಗೆ ಚಾಲಕ ಮತ್ತು ಕಮಾಂಡರ್ ಬಿಟ್ಟು ಹನ್ನೊಂದು ಜನ, ಹಿಂದೆ ಆರೂವರೆ ಟನ್ ಎಳೆಯುವ ತಾಕತ್ತು. ನೀರಿನಲ್ಲಿ ತೇಲುತ್ತದೆ. ಅಗಲ ಸರಪಳಿಯಿಂದಾಗಿ ನೆಲದ ಮೇಲೆ ಬೀಳುವ ಒತ್ತಡ ಕಡಿಮೆ, ಹಾಗಾಗಿ ಹಿಮದಲ್ಲೂ ಜೌಗಿನಲ್ಲೂ ಹೂತುಕೊಳ್ಳುವುದಿಲ್ಲ. ಕವಚ ಮಾತ್ರ ಕೆಲವೇ ಮಿಲಿಮೀಟರು: ಬಂದೂಕಿನ ಗುಂಡು, ಶೆಲ್ಲಿನ ಚೂರು, ಅಷ್ಟಕ್ಕೇ ಸಾಕು. ಡಿ-30 ಹೊವಿಟ್ಜರಿಗೂ 100 ಮಿ.ಮೀ. ರಾಪಿರಾ ತೋಪಿಗೂ ಇದು ಹೇಳಿ ಮಾಡಿಸಿದ ಜೋಡಿ. ಸುಮಾರು ಏಳು ಟನ್ನಿನ 152 ಮಿ.ಮೀ. ಮ್‌ಸ್ತಾ-ಬಿ ಬಂದರೆ ಅದರ ಲೆಕ್ಕ ಮೀರುತ್ತದೆ.

ಯುಕ್ರೇನಿನ ಕಪ್ಪು ಮಣ್ಣು ಶರತ್ಕಾಲದಲ್ಲೂ ವಸಂತದ ಹಿಮ ಕರಗುವಾಗಲೂ ಹೇಗಿರುತ್ತದೆಂದು ನಮ್ಮ ಉತ್ತರ ಕರ್ನಾಟಕದ ಎರೆ ಹೊಲದವರಿಗೆ ಬಿಡಿಸಿ ಹೇಳಬೇಕಿಲ್ಲ. ಟ್ರಕ್ಕಿನ ಚಕ್ರ ಅಚ್ಚಿನವರೆಗೆ ಹೂತು ನಿಲ್ಲುವ ಕಡೆ ಈ ಐವತ್ತು ವರ್ಷ ಹಳೆಯ ವಾಹನ ತೋಪು ಕಟ್ಟಿಕೊಂಡು ಸಾಗುತ್ತದೆ. ಹಾಗಿದ್ದೂ 2022ರಿಂದ ಅಲ್ಲಿ ಎರಡೂ ಕಡೆಯವರು ಎಂಟಿ-ಎಲ್‌ಬಿಗಳನ್ನು ಕಾದಾಟದ ಮುಂಚೂಣಿಗೆ ಸುರಿದರು. ಸೈನಿಕರನ್ನು ತುಂಬಿಕೊಂಡು ದಾಳಿಗೆ ಹೋದವು. ಹಡಗುಗಳ ಮೇಲಿನ ಹಳೆಯ 25 ಮಿ.ಮೀ. ಜೋಡಿ ತೋಪನ್ನು ಗೋಪುರ ಸಮೇತ ಕಿತ್ತು ತಂದು ರಷ್ಯನ್ನರು ಇದರ ಬೆನ್ನಿಗೆ ಕೂರಿಸಿದರು. ಉತ್ತರ ಧ್ರುವದ ಕಡೆಯ ಹಿಮಪ್ರದೇಶಗಳಲ್ಲಿ ಇದನ್ನು ಸೈನಿಕರ ಸಾಗಣೆಗೂ ಬಳಸುತ್ತಿದ್ದರು, ನಿಜ. ಆದರೆ ನೆಲಬಾಂಬು, ಡ್ರೋನು, ಟ್ಯಾಂಕು ನಿರೋಧಕ ಕ್ಷಿಪಣಿಗಳ ನಡುವೆ ಈ ತೆಳು ತಗಡಿನ ಪೆಟ್ಟಿಗೆಯಲ್ಲಿ ಹನ್ನೊಂದು ಜನರನ್ನು ಕಳಿಸುವುದು ಕೊಮ್ಸೊಮೊಲೆಟ್ಸಿನ ದುರಂತವನ್ನೇ ಮತ್ತೆ ಆಡಿಸಿದಂತೆ. ಸುಟ್ಟುಹೋದ ಪ್ರತಿಯೊಂದು ಎಂಟಿ-ಎಲ್‌ಬಿಯೂ ಎಲ್ಲೋ ಒಂದು ತೋಪಿನ ಕಾಲಾಗಬಹುದಿತ್ತು.

ಯುಕ್ರೇನಿಯನ್ನರ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಅರ್ಥವತ್ತಾಗಿ ಕಾಣುತ್ತದೆ. ರಾಪಿರಾ ತೋಪನ್ನು ಹಿಂದೆ ಕಟ್ಟುವ ಬದಲು ಎಂಟಿ-ಎಲ್‌ಬಿಯ ಮೇಲೆಯೇ ಏರಿಸಿ ಬಿಗಿದರು. ತೋಪನ್ನು ಬಿಚ್ಚುವ, ಕಟ್ಟುವ ಹೊತ್ತು ಉಳಿಯಿತು. ಭಾರತವೂ ಹಿಂದೆ ಇಂಥದೇ ಕೆಲಸ ಮಾಡಿತ್ತು: ವಿಜಯಂತ ಟ್ಯಾಂಕಿನ ಒಡಲನ್ನು ಉದ್ದ ಮಾಡಿ ಅದರ ಮೇಲೆ 130 ಮಿ.ಮೀ. ಎಂ-46 ತೋಪು ಕೂರಿಸಿ ಕ್ಯಾಟಪಲ್ಟ್ ಎಂದು ಹೆಸರಿಟ್ಟರು.

ಹಾಗಾದರೆ ಟ್ರಕ್ಕು ಬೇಡವೇ? ಬೇಕು, ಬಹುಪಾಲು ಟ್ರಕ್ಕೇ ಬೇಕು. ಸರಪಳಿಯ ವಾಹನ ಡೀಸೆಲ್ ಕುಡಿಯುತ್ತದೆ, ಡಾಂಬರು ಕೀಳುತ್ತದೆ, ನೂರಾರು ಕಿಲೋಮೀಟರು ಓಡಿಸಿದರೆ ಕೊಂಡಿಗಳು ಸವೆದು ದುರಸ್ತಿಗೆ ನಿಲ್ಲುತ್ತದೆ. ಹಳೆಯದಾದರೆ ಬಿಡಿಭಾಗಕ್ಕೆ ಇನ್ನೊಂದನ್ನು ಬಿಚ್ಚಬೇಕು. ಟ್ರಕ್ಕಿನ ಟೈರು ಎಲ್ಲೂ ಸಿಗುತ್ತದೆ, ಕೈಬಲ್ಲ ಮೆಕ್ಯಾನಿಕ್ಕೂ ಸಿಗುತ್ತಾನೆ. ರಸ್ತೆ ಇರುವಲ್ಲಿ ಟ್ರಕ್ಕು, ರಸ್ತೆ ಮುಗಿದು ಗುಂಡು ಶುರುವಾಗುವಲ್ಲಿ ಹಳೆಯ ಕವಚ ವಾಹನ. ಆನೆ ಮತ್ತು ಎತ್ತಿನ ನಡುವೆ ಮಾಡಿಕೊಂಡಿದ್ದ ಹಂಚಿಕೆ ಇದಕ್ಕಿಂತ ಹೆಚ್ಚೇನೂ ಬೇರೆಯಲ್ಲ. ತಾನೇ ಚಲಿಸುವ ಹೊಸ ತೋಪು ಕೊಳ್ಳಲು ಹಣವಿಲ್ಲದ ಸೈನ್ಯಗಳ ಅಂಗಳದಲ್ಲಿ ಸಾಲಾಗಿ ನಿಂತಿರುವ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ಮುನ್ನ ಈ ಕೆಲಸಕ್ಕೆ ಆಗುವುದೇ ಎಂದು ನೋಡುವುದು ಜಾಣತನ.

ಎಳೆಯುವ ತೋಪಿನ ಕಾಲವೇ ಮುಗಿಯಿತು ಎನ್ನುವವರೂ ಇದ್ದಾರೆ. ಅಮೆರಿಕ ಸೇನೆಯ ಫ್ಯೂಚರ್ಸ್ ಕಮಾಂಡಿನ ಮುಖ್ಯಸ್ಥರಾಗಿದ್ದ ಜನರಲ್ ಜೇಮ್ಸ್ ರೈನಿ 2024ರ ಮಾರ್ಚಿನಲ್ಲಿ ಆ ಅರ್ಥದ ಮಾತನ್ನು ಬಹಿರಂಗವಾಗಿಯೇ ಆಡಿದರು. ಅವರ ವಾದದಲ್ಲಿ ಹುರುಳಿದೆ. ಹಾರಿದ ಶೆಲ್ಲಿನ ಜಾಡು ಹಿಡಿದು ರಾಡಾರು ತೋಪಿನ ಜಾಗವನ್ನು ಕೂಡಲೇ ಹೇಳಿಬಿಡುತ್ತದೆ. ನುರಿತವರ ಕೈಯಲ್ಲೂ ಎಂ-777 ಮಡಚಿ ಕೊಂಡಿ ಸಿಕ್ಕಿಸಿ ಹೊರಡಲು ಎರಡು ಮೂರು ನಿಮಿಷ ಬೇಕು. ಅಷ್ಟರಲ್ಲಿ ಎದುರಾಳಿಯ ಉತ್ತರ ಬಂದಿರುತ್ತದೆ. ಆದರೆ ಯುಕ್ರೇನಿನ ಗೋಲಂದಾಜರು ಕಂಡುಕೊಂಡ ಉಪಾಯ ಈ ಲೆಕ್ಕವನ್ನು ಸ್ವಲ್ಪ ಬದಲಿಸಿದೆ. ತೋಪನ್ನು ಮರಗಳ ಸಾಲಿನಲ್ಲಿ ಗುಂಡಿ ತೋಡಿ ಇಳಿಸಿ, ಮೇಲೆ ಬಲೆ, ಸೊಪ್ಪು ಮುಚ್ಚಿ ಕೂರುತ್ತಾರೆ. ಡ್ರೋನಿನ ಕಣ್ಣಿಗೆ ಬೀಳುವುದು ಚಲಿಸುವ ವಸ್ತು, ಬಿಸಿ ಎಂಜಿನ್. ಸ್ವಂತ ಎಂಜಿನ್ ಇಲ್ಲದ ತೋಪು ತಣ್ಣಗೆ ಅಡಗಿರಬಲ್ಲದು. ಆಗ ಎಳೆಯುವ ವಾಹನ ದೂರದಲ್ಲಿ ಮರೆಯಾಗಿ ನಿಂತು, ಕರೆದಾಗ ಕತ್ತಲಲ್ಲಿ, ದೀಪವಿಲ್ಲದೆ ಬರಬೇಕು. ಅಪಾಯವೆಲ್ಲ ಚಾಲಕನ ಪಾಲಿಗೆ ಬಂತು. ಆತನ ಸುತ್ತ ಟ್ರಕ್ಕಿನ ತಗಡಿರಬೇಕೋ, ಹಳೆಯದಾದರೂ ಉಕ್ಕಿನ ಗೋಡೆಯಿರಬೇಕೋ ಎಂಬುದು ಆ ರಾತ್ರಿಗಳಲ್ಲಿ ಜೀವದ ಪ್ರಶ್ನೆ.

ನಮ್ಮಲ್ಲಿ ಈ ಚರ್ಚೆ ನಡೆಯುವುದು ಕಡಿಮೆ. ಬೊಫೋರ್ಸ್ ಎಂದರೆ ನಮಗೆ ನೆನಪಾಗುವುದು ಹಗರಣ, ಆಮೇಲೆ 1999ರ ಕಾರ್ಗಿಲ್. 1986ರ ಒಪ್ಪಂದದ ಆ 410 ತೋಪುಗಳ ಜೊತೆ ಸ್ಕ್ಯಾನಿಯಾ ಟ್ರಕ್ಕುಗಳೂ ಬಂದಿದ್ದವು ಎಂಬುದನ್ನು ನೆನೆಯುವವರು ವಿರಳ. ಸುಮಾರು ಹನ್ನೆರಡು ಟನ್ನಿನ ಆ ತೋಪಿಗೆ ತನ್ನದೇ ಪುಟ್ಟ ಎಂಜಿನ್ ಉಂಟು. ಟ್ರಕ್ಕು ಕಳಚಿದ ಮೇಲೆ ಕೊನೆಯ ಕೆಲವು ನೂರು ಮೀಟರು ತಾನೇ ನಿಧಾನಕ್ಕೆ ಉರುಳಿ ನೆಲೆ ಸೇರುತ್ತದೆ. 2018ರ ನವೆಂಬರಿನಲ್ಲಿ ದೇವಲಾಲಿಯಲ್ಲಿ ಎಂ-777 ಮತ್ತು ಕೆ-9 ವಜ್ರ ತೋಪುಗಳು ಸೈನ್ಯಕ್ಕೆ ಸೇರಿದಾಗ ಎಲ್ಲರ ಕ್ಯಾಮೆರಾ ಆ ಎರಡರ ಮೇಲಿತ್ತು. ಅದೇ ಸಮಾರಂಭದಲ್ಲಿ ಸೇರ್ಪಡೆಯಾದ ಮೂರನೆಯದು ಅಶೋಕ್ ಲೇಲ್ಯಾಂಡಿನ ಆರು ಚಕ್ರದ ತೋಪು ಎಳೆಯುವ ಟ್ರಕ್ಕು, ಹಣ್ಣಾಗುತ್ತಿದ್ದ ಹಳೆಯ ವಾಹನಗಳ ಜಾಗಕ್ಕೆ ಬಂದದ್ದು.

2025ರ ಮಾರ್ಚ್‌ನಲ್ಲಿ ಸಹಿಯಾದ ಅಟ್ಯಾಗ್ಸ್ ಒಪ್ಪಂದವೂ ಇಂಥದೇ. ಭಾರತ್ ಫೋರ್ಜ್ ಮತ್ತು ಟಾಟಾ ಸಂಸ್ಥೆಗಳಿಂದ ಸುಮಾರು 6,900 ಕೋಟಿ ರೂಪಾಯಿಗೆ 307 ತೋಪು, ಅವನ್ನು ಎಳೆಯಲು 327 ವಾಹನ. ಸುಮಾರು ಹದಿನೆಂಟು ಟನ್ನಿನ ತೋಪಿದು, ಎಂ-777ರ ನಾಲ್ಕು ಪಟ್ಟಿಗಿಂತ ಹೆಚ್ಚು. ಗಡಿಯ ಬೆಟ್ಟದ ದಾರಿಯಲ್ಲಿ ಒಂದು ಸೇತುವೆ ತಾಳುತ್ತದೆಯೇ ಎಂದು ನೋಡುವಾಗ ತೋಪಿನ ತೂಕವೊಂದನ್ನೇ ಹಿಡಿದರೆ ಸಾಲದು. ಮುಂದಿನ ಟ್ರಕ್ಕು, ಅದರೊಳಗಿನ ಶೆಲ್ಲು, ಸಿಬ್ಬಂದಿ ಎಲ್ಲ ಸೇರಿ ಲೆಕ್ಕ. ಹೇರ್‌ಪಿನ್ ತಿರುವಿನಲ್ಲಿ ಟ್ರಕ್ಕು ಮತ್ತು ಉದ್ದ ನಳಿಗೆಯ ತೋಪು ಒಂದೇ ಸುತ್ತಿಗೆ ತಿರುಗದಿದ್ದರೆ ಕೊಂಡಿ ಕಳಚಬೇಕು, ತೋಪು ತನ್ನ ಸಣ್ಣ ಎಂಜಿನ್ನಿನಿಂದ ತಿರುವು ದಾಟಬೇಕು, ಮತ್ತೆ ಕಟ್ಟಬೇಕು. ಹಿಂದೆ ಬರುವ ಸಾಲೆಲ್ಲ ಅಷ್ಟು ಹೊತ್ತು ಬಯಲಿಗೆ ಬಿದ್ದಂತೆ. ಇನ್ನು 307ಕ್ಕೆ 327 ಎಂದರೆ ಹೆಚ್ಚುವರಿ ಇಪ್ಪತ್ತೇ ವಾಹನ. ಶಾಂತಿಕಾಲದ ರಿಪೇರಿಗೆ ಅದು ಸಾಲಬಹುದು. ಡ್ರೋನುಗಳು ಮೊದಲು ಹುಡುಕಿ ಹೊಡೆಯುವುದು ಚಲಿಸುವ ವಾಹನವನ್ನೇ ಆದ ಯುದ್ಧದಲ್ಲಿ ಇಪ್ಪತ್ತು ಬೇಗ ಮುಗಿಯುತ್ತದೆ. ನಿವೃತ್ತಿಯ ಹಂತದಲ್ಲಿರುವ ನಮ್ಮ ಕವಚ ವಾಹನಗಳಲ್ಲಿ ಕೆಲವನ್ನಾದರೂ ಈಗಲೇ ಆರಿಸಿ, ಕಂಪ್ರೆಸರೂ ಕೊಂಡಿಯೂ ಜೋಡಿಸಿ, ಫಿರಂಗಿದಳದ ಹೆಸರಿಗೇ ಕಾದಿರಿಸಿ ಇಡುವುದಕ್ಕೆ ಹೊಸ ಕಾರ್ಖಾನೆ ಬೇಕಿಲ್ಲ, ಸೈನ್ಯದ ವರ್ಕ್‌ಶಾಪುಗಳೇ ಸಾಕು.